ಹಾಕಿದ ಮೇಲೆ ಏನಾಗುತ್ತದೆ: ಬಂಡೀಪುರದ ಅಂಚಿನಲ್ಲಿ ನಿಂತು ಮಕ್ಕಳ ಜಾಲತಾಣ ಪಾಠದ ಸಮೀಕ್ಷೆ

2025ರ ಆಗಸ್ಟ್ 10, ಭಾನುವಾರ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ, ಬಂಡೀಪುರದ ಕೆಕ್ಕನಹಳ್ಳದ ಹತ್ತಿರ, ಕಾಡಾನೆಯೊಂದು ರಸ್ತೆಗೆ ಬಂದಿತ್ತು. ವಾಹನಗಳು ನಿಂತಿದ್ದವು. ಒಬ್ಬರು ಗಾಡಿಯಿಂದಿಳಿದು ಆನೆಯ ಹತ್ತಿರ ಹೋಗಿ ಫೋಟೊ ತೆಗೆಯಲು ನೋಡಿದರು. ಆನೆ ಅಟ್ಟಿಸಿಕೊಂಡು ಬಂತು. ಓಡುವಾಗ ಬಿದ್ದವರನ್ನು ತುಳಿದು ಹೋಯಿತು. ಜೀವ ಉಳಿದದ್ದೇ ದೊಡ್ಡದು. ನಿಂತಿದ್ದ ವಾಹನದೊಳಗಿಂದ ಯಾರೋ ಅದನ್ನೆಲ್ಲ ಫೋನಿನಲ್ಲಿ ಹಿಡಿದರು. ಬಿದ್ದವರ ಬಟ್ಟೆ ಜಾರಿದ್ದೂ ಸೇರಿದಂತೆ ಆ ವಿಡಿಯೊ ದೇಶವೆಲ್ಲ ಸುತ್ತಿತು. ಮೊದಲು ಅವರು ಕೇರಳದ ಪ್ರವಾಸಿಗರೆಂದು ಸುದ್ದಿಯಾಯಿತು, ಆಮೇಲೆ ಕರ್ನಾಟಕದವರೇ ಎಂದು ಗೊತ್ತಾಯಿತು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ತಾನು ಮಾಡಿದ್ದು ತಪ್ಪು, ಬೇರೆ ಯಾರೂ ಹೀಗೆ ಮಾಡಬೇಡಿ ಎಂದು ಅವರಿಂದ ಹೇಳಿಸಿದ ಇನ್ನೊಂದು ವಿಡಿಯೊ ಕೂಡ ಬಂತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹುಡುಕಿದರೆ ಯಾರಿಗಾದರೂ ಸಿಗುತ್ತದೆ, ಅದೇ ನನ್ನ ಸಂಕಟ. ಕಾಡಿನ ರಸ್ತೆಯಲ್ಲಿ ವಾಹನ ನಿಲ್ಲಿಸಿ ಇಳಿಯುವುದು ತಪ್ಪು, ಪ್ರಾಣಿಗೂ ಅಪಾಯ, ಮನುಷ್ಯನಿಗೂ ಅಪಾಯ. ಅದಕ್ಕೆ ದಂಡ ಸರಿಯೇ. ಆದರೆ ದಂಡ ಒಂದು ಸಲ ಕಟ್ಟಿದರೆ ತೀರುತ್ತದೆ. ಆ ಎರಡು ವಿಡಿಯೊಗಳು ತೀರುವುದಿಲ್ಲ. ನಾಳೆ ಅವರ ಮನೆಯಲ್ಲೊಂದು ಮದುವೆ ಮಾತುಕತೆ ನಡೆದರೆ, ಬೇರೆ ಊರಿನಲ್ಲಿ ಅವರೊಂದು ಕೆಲಸ ಕೇಳಿದರೆ, ಎದುರಿಗಿರುವವರು ಆ ಕೆಲವು ಕ್ಷಣಗಳನ್ನು ಮೊದಲೇ ನೋಡಿರುತ್ತಾರೆ. ಬೆಳೆದ ಮನುಷ್ಯನ ಪಾಡೇ ಇದು. ಹದಿನಾಲ್ಕು ವರ್ಷದ ಹುಡುಗನೋ ಹುಡುಗಿಯೋ ಆಗಿದ್ದರೆ?

ಚಾಮರಾಜನಗರ ಜಿಲ್ಲೆಯ ಮಕ್ಕಳ ಕೈಗೆ ಫೋನು ಸಲೀಸಾಗಿ ಬಂದದ್ದು ಕೊರೊನಾ ಕಾಲದಲ್ಲಿ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠವೆಲ್ಲ ವಾಟ್ಸಾಪ್ ಗ್ರೂಪಿಗೆ ಬಂತು. ಸಾಲ ಮಾಡಿ ಫೋನು ಕೊಂಡ ಮನೆಗಳಿವೆ. ಶಾಲೆ ಮತ್ತೆ ತೆರೆಯಿತು, ಫೋನು ಮಕ್ಕಳ ಕೈಯಲ್ಲೇ ಉಳಿಯಿತು. ಆ ಹೊತ್ತಿಗೆ ಅಕ್ಷರ, ಗಣಿತ ಕಲಿಸಲು ನಾವು ಪಟ್ಟ ಪಾಡಿನಲ್ಲಿ ಫೋನನ್ನು ಬಳಸುವ ಬಗೆಯನ್ನು ಯಾರೂ ಕಲಿಸಲಿಲ್ಲ. ಈಗ ಕಲಿಸುತ್ತೇವೆ, ಆದರೆ ಹೇಗೆ ಎಂಬುದೇ ಈ ಲೇಖನದ ವಿಚಾರ.

ನಮ್ಮಲ್ಲಿ ನಡೆಯುವ ಪಾಠ ಬಹುಪಾಲು ಹೆದರಿಕೆಯ ಪಾಠ. ವರ್ಷಕ್ಕೊಂದು ದಿನ ಸಭಾಂಗಣದಲ್ಲಿ ಮಕ್ಕಳನ್ನು ಕೂರಿಸಿ, ಫೋಟೊ ಹಾಕಬೇಡಿ, ಹಾಕಿದರೆ ಕೇಸಾಗುತ್ತದೆ, ಜೀವನ ಹಾಳಾಗುತ್ತದೆ ಎಂದು ಹೇಳಿ ಕಳಿಸುತ್ತೇವೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ತಾನು ಈಗಾಗಲೇ ಏನೋ ಹಾಕಿಬಿಟ್ಟಿರುವ ಮಗುವಿಗೆ ಆ ಭಾಷಣದಲ್ಲಿ ಒಂದೇ ಒಂದು ದಾರಿ ಕಾಣುತ್ತದೆ: ಯಾರಿಗೂ ಹೇಳದೆ ಮುಚ್ಚಿಡುವುದು. ಬೆದರಿಸಿ ಹಣ ಕೀಳುವವರಿಗೆ, ಇನ್ನೊಂದು ಫೋಟೊ ಕಳಿಸು ಎನ್ನುವವರಿಗೆ ಬೇಕಾದದ್ದೂ ಅದೇ ಮೌನ. ಪೋಸ್ಟು ಉಳಿಯುತ್ತದೆ ಎಂಬುದರ ಜೊತೆಗೆ, ಉಳಿದದ್ದನ್ನು ಎಷ್ಟರಮಟ್ಟಿಗೆ ಇಳಿಸಬಹುದು, ಯಾರ ಹತ್ತಿರ ಹೋಗಬೇಕು ಎಂಬುದನ್ನೂ ಒಂದೇ ಉಸಿರಿನಲ್ಲಿ ಹೇಳದಿದ್ದರೆ ಪಾಠ ಅರ್ಧವಾಗುತ್ತದೆ. ಅರ್ಧ ಪಾಠ ಅಪಾಯಕಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಉಳಿಯುವುದು ಹೇಗೆ ಎಂಬುದನ್ನು ನೋಡೋಣ. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಮಕ್ಕಳೊಂದಿಗೆ ಮಾತಾಡುವಾಗ ಹುಡುಗನೊಬ್ಬ ಎದ್ದು, "ಡಿಲೀಟ್ ಮಾಡ್ಬುಟ್ರೆ ಆಯ್ತಲ್ವಾ ಸಾ?" ಎಂದು ಕೇಳಿದ. ಬಹಳ ಮಕ್ಕಳು ನಂಬಿರುವುದು ಇದನ್ನೇ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಎಲ್ಲರಿಂದಲೂ ಅಳಿಸುವ ಅವಕಾಶ ಸುಮಾರು ಎರಡೂವರೆ ದಿನ ಇರುತ್ತದೆ. ಆದರೆ ಅಷ್ಟರೊಳಗೆ ಅದನ್ನು ನೋಡಿದವನು ಸ್ಕ್ರೀನ್‌ಶಾಟ್ ತೆಗೆದಿರಬಹುದು, ಇನ್ನೊಂದು ಗ್ರೂಪಿಗೆ ದಾಟಿಸಿರಬಹುದು. ದಾಟಿಸಿದ ಪ್ರತಿ ಹೊಸದೇ, ಮೂಲದಲ್ಲಿ ಅಳಿಸಿದರೆ ಅದು ಅಳಿಯುವುದಿಲ್ಲ. ಸ್ಟೋರಿ ಮತ್ತು ಸ್ಟೇಟಸ್ 24 ಗಂಟೆಗೆ ಮಾಯವಾಗುತ್ತದೆ ಎಂಬ ಧೈರ್ಯದಲ್ಲಿ ಮಕ್ಕಳು ಬೇರೆಲ್ಲೂ ಹಾಕದ್ದನ್ನು ಅಲ್ಲಿ ಹಾಕುತ್ತಾರೆ. ಮಾಯವಾಗುವುದು ಆ್ಯಪಿನ ಪರದೆಯಿಂದ ಮಾತ್ರ. ಸ್ಟೇಟಸ್ಸನ್ನು ಇನ್ನೊಂದು ಫೋನಿನಿಂದ ಫೋಟೊ ತೆಗೆದಿಟ್ಟುಕೊಂಡರೆ ಅದನ್ನು ಯಾವ ಆ್ಯಪೂ ತಡೆಯಲಾರದು.

ಅದೇ ತರಗತಿಯಲ್ಲಿ ಒಂದು ಮಾದರಿ ಚಿತ್ರ ತೋರಿಸಿದೆವು. ಬೈಕಿನ ಮೇಲೆ ಕೂತ ಹುಡುಗ, ಹಿಂದೆ ಒಂದು ಗೇಟು, ಅಷ್ಟೆ. ಇದರಿಂದ ಏನೇನು ಗೊತ್ತಾಗುತ್ತದೆ ಹೇಳಿ ಎಂದಾಗ ಮಕ್ಕಳು ನಮಗಿಂತ ಚುರುಕು. ಗಾಡಿ ನಂಬರು ಹೇಳಿದರು. ಅಂಗಿಯ ಮೇಲಿನ ಶಾಲೆಯ ಬ್ಯಾಡ್ಜು ಓದಿದರು. ಲೈಸೆನ್ಸಿನ ವಯಸ್ಸಾಗಿಲ್ಲ ಎಂದರು. ನೆರಳು ನೋಡಿ ಶಾಲೆಯ ಹೊತ್ತಿನಲ್ಲಿ ಹೊರಗಿದ್ದಾನೆ ಎಂದು ಒಬ್ಬಳು ಕಂಡುಹಿಡಿದಳು. ಹತ್ತು ನಿಮಿಷದಲ್ಲಿ ಬೋರ್ಡು ತುಂಬಿತು. ಭಾಷಣದಲ್ಲಿ ತೂಕಡಿಸುತ್ತಿದ್ದ ಮಕ್ಕಳು ಇದರಲ್ಲಿ ಎದ್ದು ಕೂತರು. ಕೊನೆಗೆ ಆ ಹುಡುಗಿಯೇ, "ನಮ್ಮನೇಲಿ ಫೋನು ಅಣ್ಣಂದು ಸಾ. ನಾನು ಹಾಕದೇ ಇದ್ರೂ ಅವ್ನು ನನ್ ಫೋಟೊ ಹಾಕ್ತಾನೆ. ಅದಕ್ಕೇನ್ ಮಾಡಾದು?" ಎಂದಳು. ಆ ಪ್ರಶ್ನೆಗೆ ಸಿದ್ಧ ಉತ್ತರವಿರುವ ಸೈಬರ್ ಸುರಕ್ಷತೆಯ ಪುಸ್ತಿಕೆಯನ್ನು ನಾನು ನೋಡಿಲ್ಲ. ಅವೆಲ್ಲ ಒಬ್ಬರಿಗೊಂದು ಫೋನು, ಒಬ್ಬರಿಗೊಂದು ಖಾತೆ ಎಂದು ಭಾವಿಸಿ ಬರೆದವು. ನಮ್ಮ ಹಳ್ಳಿಯ ಮನೆಗಳಲ್ಲಿ ಫೋನು ಮನೆಗೊಂದು, ಅದರೊಳಗಿನ ಗುಟ್ಟು ಯಾರೊಬ್ಬರದೂ ಅಲ್ಲ.

ಹಳೆಯದು ಎದ್ದು ಬರುವ ಬಗೆಗೆ ಕರ್ನಾಟಕದವರಿಗೆ ದೂರದ ಉದಾಹರಣೆ ಬೇಡ. 2023ರ ಅಕ್ಟೋಬರ್ 22ರಂದು ಕನ್ನಡ ಬಿಗ್ ಬಾಸ್ ಮನೆಯಿಂದಲೇ ಸ್ಪರ್ಧಿ ವರ್ತೂರು ಸಂತೋಷ್ ಅವರನ್ನು ಅರಣ್ಯ ಇಲಾಖೆ ಬಂಧಿಸಿತು. ಅವರ ಕೊರಳಲ್ಲಿದ್ದ ಹುಲಿ ಉಗುರಿನ ಪದಕ ಟಿ.ವಿ.ಯಲ್ಲಿ ಕಂಡಿತ್ತು. ಅದಾದ ಒಂದೆರಡು ದಿನದಲ್ಲಿ ಜನ ಜಾಲತಾಣಗಳನ್ನು ಅಗೆದು, ಯಾವ ಯಾವ ಹೆಸರಾಂತರು ಯಾವ ವರ್ಷ ಯಾವ ಫೋಟೊದಲ್ಲಿ ಅಂಥ ಪದಕ ಹಾಕಿದ್ದರು ಎಂದು ತೆಗೆದು ಮುಂದಿಟ್ಟರು. ಜಗ್ಗೇಶ್, ದರ್ಶನ್, ನಿಖಿಲ್ ಕುಮಾರಸ್ವಾಮಿ ಮೊದಲಾದವರ ಮನೆಗಳಿಗೆ ಅಧಿಕಾರಿಗಳು ಹೋಗಿ ಪದಕ ಪರಿಶೀಲಿಸಬೇಕಾಯಿತು. ತಮ್ಮದು ಮದುವೆಯಲ್ಲಿ ಉಡುಗೊರೆಯಾಗಿ ಬಂದ ಕೃತಕ ಉಗುರು ಎಂದು ನಿಖಿಲ್ ಹೇಳಿದರು. ಯಾರದು ಅಸಲಿ, ಯಾರದು ನಕಲಿ ಎಂಬುದು ಇಲ್ಲಿ ಮುಖ್ಯವಲ್ಲ. ವರ್ಷಗಳ ಹಿಂದೆ ಸಂತೋಷದ ಗಳಿಗೆಯಲ್ಲಿ ತೆಗೆದ ಫೋಟೊ, ತೆಗೆಯುವಾಗ ಯಾರೂ ಯೋಚಿಸದ ಅರ್ಥ ಹೊತ್ತು ಒಂದೇ ವಾರದಲ್ಲಿ ಎದುರು ನಿಂತಿತು. ಹುಲಿಗಾಗಿಯೇ 1973ರಲ್ಲಿ ಮೀಸಲಾದ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರ ಒಂದು. ಇಲ್ಲಿನ ಮಕ್ಕಳಿಗೆ ಈ ಪ್ರಕರಣ ಹೇಳಿದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅರ್ಥವಾಗುತ್ತದೆ, ಫೋಟೊದ ಆಯಸ್ಸೂ ಅರ್ಥವಾಗುತ್ತದೆ.

ಕ್ರಿಕೆಟ್ ಹುಚ್ಚಿನ ಹುಡುಗರಿಗೆ ಓಲಿ ರಾಬಿನ್ಸನ್ ಕಥೆ ಹೇಳಬೇಕು. 2021ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡಿದ ದಿನವೇ, ಹದಿಹರೆಯದಲ್ಲಿ ಅವರು ಬರೆದಿದ್ದ ಜನಾಂಗ ನಿಂದನೆಯ, ಹೆಣ್ಣುಮಕ್ಕಳನ್ನು ಹೀಯಾಳಿಸುವ ಟ್ವೀಟುಗಳು ಹೊರಬಿದ್ದವು. ಪಂದ್ಯದಲ್ಲಿ ಚೆನ್ನಾಗಿ ಬೌಲ್ ಮಾಡಿಯೂ ಮುಂದಿನ ಪಂದ್ಯಕ್ಕೆ ಅಮಾನತಾದರು. 2017ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ, ಫೇಸ್‌ಬುಕ್ಕಿನ ಖಾಸಗಿ ಗುಂಪಿನಲ್ಲಿ ಕೊಳಕು ಚಿತ್ರಗಳನ್ನು ಹಂಚಿಕೊಂಡ ಕನಿಷ್ಠ 10 ಮಂದಿಗೆ ಕೊಟ್ಟಿದ್ದ ಪ್ರವೇಶವನ್ನು ಹಿಂತೆಗೆದುಕೊಂಡಿತು. ಖಾಸಗಿ ಎಂದು ಅವರು ನಂಬಿದ್ದ ಗುಂಪು ಅದು. ನಮ್ಮಲ್ಲಿ 2025ರ ಜುಲೈನಲ್ಲಿ ನಟಿ, ಮಾಜಿ ಸಂಸದೆ ರಮ್ಯಾ ತಮಗೆ ಬಂದ ಅಶ್ಲೀಲ ಸಂದೇಶಗಳ ಬಗ್ಗೆ 43 ಖಾತೆಗಳ ಮೇಲೆ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು. ಬೇರೆ ಬೇರೆ ಊರುಗಳ ಹುಡುಗರು ಒಬ್ಬೊಬ್ಬರಾಗಿ ಬಂಧನಕ್ಕೊಳಗಾದರು. ನಕಲಿ ಹೆಸರಿನ ಖಾತೆಯ ಹಿಂದೆ ಸಾಮಾನ್ಯವಾಗಿ ಫೋನ್ ನಂಬರೋ ಇಂಟರ್‌ನೆಟ್ ವಿಳಾಸವೋ ಇರುತ್ತದೆ, ಪೊಲೀಸರು ಮನಸ್ಸು ಮಾಡಿದರೆ ಅದನ್ನು ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ ಎಂಬುದು ಅನೇಕ ಹುಡುಗರಿಗೆ ಆಗಲೇ ಗೊತ್ತಾದದ್ದು.

ತಾನು ಬರೆದದ್ದಕ್ಕಿಂತ ದಾಟಿಸಿದ್ದು ಹೆಚ್ಚು ಕೆಡುಕು ಮಾಡಿದ ಪ್ರಸಂಗಗಳೂ ಇವೆ. ಮಕ್ಕಳು, ದೊಡ್ಡವರು ಇಬ್ಬರೂ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸಾಪಿನಲ್ಲಿ ಹರಡಿ, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಕೂಲಿಯೊಬ್ಬರನ್ನು, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಜನ ಹೊಡೆದು ಕೊಂದರು. ಬೀದರಿನ ಪ್ರಕರಣದಲ್ಲಿ ಗೆಳೆಯರ ತಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು, ಅಷ್ಟೆ. ಬಂಧಿತರಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದ. ಆ ಜುಲೈನಲ್ಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ದಾಟಿಸಬಹುದು ಎಂಬ ಮಿತಿ ತಂದಿತು.

ಬಂಡೀಪುರವೂ ಇದನ್ನು ಕಂಡಿದೆ. 2019ರ ಫೆಬ್ರುವರಿ ಕೊನೆಯ ವಾರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬೆಂಕಿ ಹತ್ತಿ ಸಾವಿರಾರು ಎಕರೆ ಕಾಡು ಸುಟ್ಟಾಗ, ಬೇರೆ ಬೇರೆ ದೇಶಗಳ ಕಾಡ್ಗಿಚ್ಚಿನ ಹಳೆಯ ಚಿತ್ರಗಳು, ಬೆಂದ ಪ್ರಾಣಿಗಳ ಫೋಟೊಗಳು ಬಂಡೀಪುರದವೆಂದು ಹರಿದಾಡಿದವು. ಕಳಿಸಿದವರಲ್ಲಿ ಬಹಳ ಜನ ಕಾಡಿನ ಮೇಲಿನ ಪ್ರೀತಿಯಿಂದಲೇ ಕಳಿಸಿದರು. ನಿಜವಾದ ಬೆಂಕಿಯನ್ನು ಸೊಪ್ಪು ಬಡಿದು ಆರಿಸುತ್ತಿದ್ದ ವಾಚರುಗಳು, ಸ್ವಯಂಸೇವಕರು ಒಂದು ಕಡೆ. ಇಲ್ಲದ ಹೆಣಗಳಿಗೆ ಉತ್ತರ ಹೇಳಬೇಕಾದ ಅಧಿಕಾರಿಗಳು ಇನ್ನೊಂದು ಕಡೆ. ಇಂದಿಗೂ ಬಂಡೀಪುರ, ಬೆಂಕಿ ಎಂಬೆರಡು ಪದ ಸೇರಿಸಿ ಹುಡುಕುವ ಮಗುವಿಗೆ ಆ ಸುಳ್ಳು ಚಿತ್ರಗಳೂ ಸಿಗಬಹುದು. ಒಳ್ಳೆಯ ಮನಸ್ಸಿನಿಂದ ಹಾಕಿದ್ದೂ ತಪ್ಪಾಗಿ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಈ ತಾಲ್ಲೂಕಿನ ಮಕ್ಕಳಿಗೆ ಇಲ್ಲ.

ಕಾನೂನು ಏನು ಹೇಳುತ್ತದೆ? ಇಲ್ಲಿ ಕರ್ನಾಟಕಕ್ಕೆ ಹೆಮ್ಮೆ ಪಡುವ ಕಾರಣಗಳಿವೆ. 2017ರ ಜನವರಿಯಲ್ಲಿ, ಮಗಳ ಹೆಸರು ಹಳೆಯ ಪ್ರಕರಣವೊಂದರ ಆದೇಶದ ಮೂಲಕ ಇಂಟರ್‌ನೆಟ್ ಹುಡುಕಾಟದಲ್ಲಿ ಸಿಗುತ್ತಿದೆ ಎಂದು ತಂದೆಯೊಬ್ಬರು ಕರ್ನಾಟಕ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಆನಂದ್ ಬೈರಾರೆಡ್ಡಿ ಅವರು ಆ ಹೆಸರು ಹುಡುಕಾಟದಲ್ಲಿ ಬಾರದಂತೆ ಮರೆಮಾಡಲು ಸೂಚಿಸಿದರು. ಮರೆತುಹೋಗುವ ಹಕ್ಕನ್ನು ಭಾರತದ ನ್ಯಾಯಾಲಯವೊಂದು ಎತ್ತಿಹಿಡಿದ ಮೊದಮೊದಲ ಆದೇಶಗಳಲ್ಲಿ ಅದೂ ಒಂದು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ ಮೊಕದ್ದಮೆ ಹೂಡಿದವರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮಕ್ಕಳ ವಿಚಾರವನ್ನೇ ಬೇರೆಯಾಗಿ ಎತ್ತಿದ್ದಾರೆ: ಹಗಲಿರುಳು ಜಾಲತಾಣದಲ್ಲಿ ಗುರುತು ಬಿಡುತ್ತ ಬೆಳೆಯುವ ಮಕ್ಕಳು ಎಳೆತನದ ತಪ್ಪುಗಳಿಗೆ ಬದುಕಿಡೀ ಬೆಲೆ ತೆರುವಂತಾಗಬಾರದು ಎಂಬುದು ಅವರ ಮಾತಿನ ತಾತ್ಪರ್ಯ. ಕ್ಯಾಲಿಫೋರ್ನಿಯಾದಲ್ಲಿ 2015ರಿಂದಲೇ, ಹದಿನೆಂಟು ತುಂಬದವರು ತಾವೇ ಹಾಕಿದ್ದನ್ನು ತೆಗೆಸುವ ಹಕ್ಕು ಕಾನೂನಿನಲ್ಲಿದೆ. ಆದರೆ ಬೇರೆಯವರು ಹಾಕಿದ್ದಕ್ಕೆ ಅದು ಅನ್ವಯವಾಗುವುದಿಲ್ಲ. ಅಣ್ಣನ ಫೋನಿನ ಹುಡುಗಿಗೆ ಅಲ್ಲಿಯೂ ಉತ್ತರವಿಲ್ಲ.

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಹದಿನೆಂಟು ತುಂಬದವರ ಮಾಹಿತಿ ಬಳಸಲು ಕಂಪನಿಗಳು ಹೆತ್ತವರ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಅದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದಕ್ಕೆ, ಹಂಚುವುದಕ್ಕೆ 3 ವರ್ಷದವರೆಗಿನ ಜೈಲು ಹೇಳುತ್ತದೆ. ಮಕ್ಕಳ ಅಶ್ಲೀಲ ಚಿತ್ರವಾದರೆ 67ಬಿ ಕಲಂ, ಮೊದಲ ತಪ್ಪಿಗೇ 5 ವರ್ಷದವರೆಗೆ. ತನ್ನದೇ ವಯಸ್ಸಿನ ಗೆಳತಿಯ ಚಿತ್ರವನ್ನು ಇನ್ನೊಬ್ಬನಿಗೆ ದಾಟಿಸಿದ ಹುಡುಗನೂ ಇದರೊಳಗೆ ಸಿಕ್ಕಿಬೀಳುತ್ತಾನೆ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಅದರ ಜೊತೆಗೇ ಹೇಳಬೇಕಾದ ಇನ್ನೊಂದಿದೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಬಂದ್ ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದ ಯುವತಿಯನ್ನೂ ಅದನ್ನು ಮೆಚ್ಚಿದ ಗೆಳತಿಯನ್ನೂ ಪೊಲೀಸರು ಬಂಧಿಸಿದ್ದರು. ಅದರಿಂದ ನೊಂದ ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರ ಮಾರ್ಚ್‌ನಲ್ಲಿ, ಆ ಬಂಧನಕ್ಕೆ ಬಳಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನೇ ರದ್ದು ಮಾಡಿತು. ಎಚ್ಚರ ಕಲಿಸುವ ನೆಪದಲ್ಲಿ ಬಾಯಿ ಮುಚ್ಚಿಸುವುದನ್ನು ಕಲಿಸಬಾರದು. ಊರಿನ ಕೆರೆ ಒತ್ತುವರಿಯಾಗಿದೆ, ಹಾಸ್ಟೆಲಿನ ಊಟ ಸರಿಯಿಲ್ಲ ಎಂದು ವಿದ್ಯಾರ್ಥಿಯೊಬ್ಬ ಬರೆದರೆ ಅದೂ ಉಳಿಯುತ್ತದೆ, ಉಳಿಯಲಿ.

ಕಲಿಸುವ ವ್ಯವಸ್ಥೆಯ ಕಡೆ ನೋಡಿದರೆ, ಮೂಲೆಹೊಳೆ ದಾಟಿದರೆ ಸಿಗುವ ಕೇರಳ ನಮಗಿಂತ ಮುಂದಿದೆ. ಅಲ್ಲಿನ ಶಿಕ್ಷಣ ಇಲಾಖೆಯ ಕೈಟ್ ಸಂಸ್ಥೆ 2022ರಲ್ಲಿ 'ಸತ್ಯಮೇವ ಜಯತೇ' ಕಾರ್ಯಕ್ರಮದಡಿ 19 ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳಿಗೆ ಸುಳ್ಳು ಸುದ್ದಿ ಗುರುತಿಸುವ ತರಬೇತಿ ಕೊಟ್ಟಿತು. ಆಮೇಲೆ ಐದನೇ ಮತ್ತು ಏಳನೇ ತರಗತಿಯ ಪಠ್ಯಪುಸ್ತಕಕ್ಕೇ ಆ ಪಾಠ ಸೇರಿತು. ಒಂದು ದಿನದ ಭಾಷಣಕ್ಕೂ ಪಠ್ಯದ ಪಾಠಕ್ಕೂ ಅಜಗಜಾಂತರ. ನಮ್ಮಲ್ಲಿ ಪೊಲೀಸರು ಮಕ್ಕಳನ್ನು ಠಾಣೆಗೆ ಕರೆಯುವ 'ತೆರೆದ ಮನೆ' ಇದೆ, ಅರಣ್ಯ ಇಲಾಖೆ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ 'ಚಿಣ್ಣರ ವನದರ್ಶನ' ಇದೆ, ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಜಿಲ್ಲೆಗೊಂದು ಇದೆ. ಇವನ್ನು ಜೋಡಿಸುವವರು ಬೇಕು. ತೆರೆದ ಮನೆಗೆ ಬಂದ ಮಕ್ಕಳಿಗೆ ಲಾಠಿ, ವೈರ್‌ಲೆಸ್ ತೋರಿಸುವ ಬದಲು ಒಂದು ದೂರು ಬರೆಯುವುದನ್ನು ಕಲಿಸಲಿ: ಮೊದಲು ಸ್ಕ್ರೀನ್‌ಶಾಟ್ ತೆಗೆದಿಡು, ಖಾತೆಯ ಲಿಂಕು ಬರೆದಿಟ್ಟುಕೊ, ಗಾಬರಿಯಲ್ಲಿ ಎಲ್ಲ ಅಳಿಸಬೇಡ, ಸೈಬರ್ ಅಪರಾಧದ ಸರ್ಕಾರಿ ಜಾಲತಾಣದಲ್ಲಿ ದೂರು ಹಾಕು, ಹಣ ಹೋಗಿದ್ದರೆ 1930ಕ್ಕೆ ಫೋನು ಮಾಡು, ಮನೆಯಲ್ಲಿ ಹೇಳಲಾಗದಿದ್ದರೆ ಮಕ್ಕಳ ಸಹಾಯವಾಣಿ 1098. ಖಾಸಗಿ ಚಿತ್ರಗಳ ಬಗ್ಗೆ ದೂರು ಬಂದರೆ ಕಂಪನಿಗಳು 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳೇ ಹೇಳಿದವು. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ, ಹದಿನೆಂಟು ತುಂಬುವ ಮುಂಚಿನ ಅಂಥ ಚಿತ್ರದ ಒಂದು ಅಂಕಿಗುರುತನ್ನಷ್ಟೇ ಪಡೆದು, ಚಿತ್ರ ಯಾರಿಗೂ ಕಾಣದಂತೆಯೇ ಅದನ್ನು ಸೇವೆಯೊಡನೆ ಕೈಜೋಡಿಸಿದ ತಾಣಗಳಿಂದ ತೆಗೆಸಲು ನೆರವಾಗುತ್ತದೆ. ನಡುರಾತ್ರಿ ಅಳುತ್ತ ಕೂತ ಹುಡುಗಿಗೆ ಇದು ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ಇರುವ ಅಂತರ ಜೀವದ ಅಂತರ.

ನಿಷೇಧವೇ ಮದ್ದು ಎನ್ನುವವರಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೇ ಶಾಲಾ ಮಕ್ಕಳಿಗೆ ಜಾಲತಾಣ ಬಳಸಲು ವಯೋಮಿತಿ ಇರಲಿ ಎಂದು ಮೌಖಿಕವಾಗಿ ಹೇಳಿತ್ತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರ ಖಾತೆಗಳನ್ನು ನಿಲ್ಲಿಸಿದೆ. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮನೆಗೊಂದೇ ಫೋನಿರುವ, ಅಪ್ಪನ ನಂಬರಿನಲ್ಲಿ ಮಗನ ಖಾತೆ ಇರುವ ಊರಿನಲ್ಲಿ ವಯಸ್ಸು ಕೇಳುವುದು ಯಾರನ್ನು? ಹದಿನಾರು ತುಂಬಿದ ಮರುದಿನ ಏನೂ ಕಲಿಯದೆ ಒಳಬರುವ ಹುಡುಗನನ್ನು ಕಾಯುವವರು ಯಾರು? ನಿಷೇಧ ಬಂದರೂ ಬಾರದಿದ್ದರೂ ಪಾಠದ ಕೆಲಸ ಉಳಿದೇ ಇರುತ್ತದೆ.

ಇನ್ನು ದೊಡ್ಡವರ ಪಾಠ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಹೆದ್ದಾರಿ ಬದಿ ಸೂರ್ಯಕಾಂತಿ, ಚೆಂಡುಹೂವು ಅರಳಿದಾಗ ಸಾಲುಗಟ್ಟಿ ಕಾರು ನಿಲ್ಲುತ್ತವೆ. ಗಿಡ ತುಳಿದು ಹೋಗುವವರ ಕಾಟಕ್ಕೆ ಬೇಸತ್ತ ರೈತರು ಈಗ ಫೋಟೊಗೆ ಇಷ್ಟು ಎಂದು ಹಣ ಪಡೆಯುತ್ತಾರೆ. ಹೂವಿಗಾದರೂ ಒಂದು ದರ, ಒಂದು ಒಪ್ಪಿಗೆ ಬಂತು. ಅಲ್ಲಿಂದ ಮುಂದೆ ಕಾಡಂಚಿನ ಜೇನುಕುರುಬರ, ಸೋಲಿಗರ ಹಾಡಿಗಳಿಗೆ ಹೋಗುವವರು ಅಲ್ಲಿನ ಮಕ್ಕಳ ಫೋಟೊ ತೆಗೆಯುವಾಗ ಯಾರನ್ನೂ ಕೇಳುವುದಿಲ್ಲ. ಮೂಗು ಸೋರುವ ಮಗು, ಹರಿದ ಅಂಗಿಯ ಮಗು, ದಾನಿಗಳ ಕೈಯಿಂದ ನೋಟ್‌ಬುಕ್ ಪಡೆಯಲು ಕೈ ಚಾಚಿದ ಮಗು. ಊರ ಹೆಸರಿನ ಸಮೇತ ಅದು ಯಾರದೋ ಪುಟಕ್ಕೆ ಏರುತ್ತದೆ. ಹೊಸ ದತ್ತಾಂಶ ಕಾಯ್ದೆ ಕೂಡ ವ್ಯಕ್ತಿಯೊಬ್ಬ ಸ್ವಂತಕ್ಕೆ, ಮನೆಮಟ್ಟಿಗೆ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಆ ಮಗು ನಾಳೆ ಪಿಯುಸಿ ಮುಗಿಸಿ ಮೈಸೂರಿನ ಕಾಲೇಜಿಗೆ ಹೋಗುತ್ತದೆ. ತಾನು ಎಂದೂ ಹಾಕದ, ತೆಗೆಸಲು ಯಾರನ್ನು ಕೇಳಬೇಕೆಂದೂ ತಿಳಿಯದ ಚಿತ್ರವನ್ನು ಸಹಪಾಠಿಯೊಬ್ಬ ಹುಡುಕಿ ತೆಗೆಯಬಹುದು.

ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದು 2009ರಲ್ಲಿ. ಆಗ ಆಗದ ಕೆಲಸ ಎಂದವರೇ ಹೆಚ್ಚು, ಇಂದು ಅದು ರೂಢಿಯಾಗಿದೆ. ಮದ್ದೂರು, ಮೇಲುಕಾಮನಹಳ್ಳಿ, ಕೆಕ್ಕನಹಳ್ಳದ ತಪಾಸಣಾ ಠಾಣೆಗಳಲ್ಲಿ ಈಗಲೂ ಪ್ರತಿ ವಾಹನ ನಿಧಾನಿಸುತ್ತದೆ. ಗಾಡಿ ನಿಲ್ಲಿಸಬೇಡಿ, ಪ್ರಾಣಿಗಳಿಗೆ ತಿನ್ನಲು ಕೊಡಬೇಡಿ ಎಂಬ ಫಲಕದ ಕೆಳಗೆ ಇನ್ನೊಂದು ಸಾಲು ಸೇರಿಸಲು ಇಲಾಖೆಗೆ ಹೆಚ್ಚು ಖರ್ಚಾಗದು: ಹಾಡಿಯ ಮಕ್ಕಳ ಫೋಟೊ ತೆಗೆಯುವ ಮುಂಚೆ ಅವರ ತಾಯ್ತಂದೆಯನ್ನು ಕೇಳಿ, ಜಾಲತಾಣಕ್ಕೆ ಹಾಕಬೇಡಿ. ಕನ್ನಡ, ಮಲಯಾಳ, ತಮಿಳು, ಇಂಗ್ಲಿಷ್ ನಾಲ್ಕರಲ್ಲೂ ಬರೆಸಲಿ. ಶಾಲೆಯಲ್ಲಿ ಮಕ್ಕಳಿಗೆ ನಾವು ಹೇಳುತ್ತಿರುವ ಪಾಠವನ್ನು ದೊಡ್ಡವರಿಗೂ ಹೇಳುವ ಕೆಲಸ ಈ ಮಳೆಗಾಲದ ಹೂವಿನ ಹೊತ್ತಿಗೇ ಶುರುವಾಗಲಿ.